ತುಂಗಭದ್ರೆಯ ನೀರೂ ದೂರದ ಕಡಲೂ

ಜೂನ್ ಕೊನೆಯ ವಾರದಲ್ಲಿ ಮುಂಡರಗಿಯಿಂದ ಹೊರಟು ಕೊರ್ಲಹಳ್ಳಿಯ ಸೇತುವೆಯ ಮೇಲೆ ನಿಂತವರಿಗೆ ಒಂದು ವಿಲಕ್ಷಣ ನೋಟ ಕಾಣಸಿಗುವುದುಂಟು: ತಲೆಯ ಮೇಲಿನ ಆಕಾಶ ನಿರಭ್ರವಾಗಿದೆ, ದಡದ ಎರೆಹೊಲ ಬಿರುಕುಬಿಟ್ಟುಕೊಂಡು ಆರಿದ್ರಾ ಮಳೆಯ ಹಾದಿ ಕಾಯುತ್ತಿದೆ, ಕೆಳಗೆ ಹೊಳೆ ಮಾತ್ರ ಕೆಮ್ಮಣ್ಣಿನ ಬಣ್ಣ ತಳೆದು, ಬೇರುಸಹಿತ ಕಿತ್ತುಬಂದ ಗಿಡಗಂಟಿಗಳನ್ನು ಹೊತ್ತು, ಉಬ್ಬಿ ಹರಿಯುತ್ತಿದೆ. ಈ ನೀರು ಇಲ್ಲಿಯದಲ್ಲ. ಗಂಗಾಮೂಲದ ಸುತ್ತಣ ಕಾಡುಗಳಲ್ಲಿ, ಶೃಂಗೇರಿ ತೀರ್ಥಹಳ್ಳಿಗಳ ಇಳಿಜಾರುಗಳಲ್ಲಿ ಬಿದ್ದ ಮಳೆಯು ಕೂಡಲಿಯಲ್ಲಿ ಒಂದೇ ಹೊಳೆಯಾಗಿ, ಗಳಗನಾಥದಲ್ಲಿ ವರದೆಯನ್ನೂ ಕೂಡಿಸಿಕೊಂಡು, ಶಿರಹಟ್ಟಿ ಮುಂಡರಗಿ ತಾಲ್ಲೂಕುಗಳ ದಕ್ಷಿಣದ ಮೇರೆಯನ್ನು ಸವರಿಕೊಂಡು ಮುಂದೆ ಸಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,500 ಮಿಲಿಮೀಟರ್ ಮಳೆ. ಗದಗಿಗೆ ಅದರ ಹತ್ತನೆಯ ಒಂದು ಪಾಲೂ ದೊರೆಯದು. ಆದುದರಿಂದ ಈ ಸೀಮೆಯವರು ತಮ್ಮದೆಂದು ಕರೆಯುವ ಹೊಳೆ ತುಂಬುವುದೂ ಬತ್ತುವುದೂ ಅವರ ಆಕಾಶದ ಅಧೀನದಲ್ಲಿಲ್ಲ. ಮಲೆನಾಡಿನ ಮಳೆಯಾದರೂ ಸ್ವತಂತ್ರವಲ್ಲ. ಅದರ ಸೂತ್ರ ಇನ್ನೂ ದೂರದ ಸಮುದ್ರಗಳಲ್ಲಿದೆ.

1876ರಿಂದ 1878ರವರೆಗೆ ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ನಿರ್ಜನಗೊಳಿಸಿದ ಮಹಾಕ್ಷಾಮದ ಕಾಲದಲ್ಲಿ, ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯ ಕಡಲು ಅಸಾಧಾರಣವಾಗಿ ಕಾದಿತ್ತೆಂಬುದನ್ನೂ, ಆ ಕಾವಿಗೂ ಇಲ್ಲಿಯ ಹಸಿವಿಗೂ ನಂಟಿತ್ತೆಂಬುದನ್ನೂ ಅರಿತವರು ಒಬ್ಬರೂ ಇರಲಿಲ್ಲ. 1899ರ ಮುಂಗಾರು ಮತ್ತೆ ಕೈಕೊಟ್ಟ ಕೆಲವೇ ವರ್ಷಗಳಲ್ಲಿ, 1904ರಲ್ಲಿ, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್‌ನ ಗಣಿತಜ್ಞ. ಬೂಮರಾಂಗ್ ಹಾರುವ ಬಗೆಯನ್ನು ಕುರಿತು ಪ್ರೌಢಲೇಖನ ಬರೆದವನಿಗೆ ರೈತನ ಮಳೆಯ ಲೆಕ್ಕವನ್ನು ಒಪ್ಪಿಸಿದ ಸರ್ಕಾರದ ಧೈರ್ಯವನ್ನು ಮೆಚ್ಚಲೇಬೇಕು. ಜಗತ್ತಿನ ನಾನಾ ಕಡೆಯ ವಾಯುಭಾರದ ದಾಖಲೆಗಳನ್ನು ವರ್ಷಗಟ್ಟಲೆ ತಾಳೆ ನೋಡಿ, ಪೆಸಿಫಿಕ್ ಸಾಗರದ ಮೇಲೆ ಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ತೂಗಾಟವೊಂದನ್ನು ಆತ 1920ರ ದಶಕದಲ್ಲಿ ತೋರಿಸಿಕೊಟ್ಟನು. ಅದನ್ನು ಎಲ್ ನಿನೊ ಎಂಬ ಕಡಲ ಕಾವಿನೊಡನೆ ಬೆಸೆದು ಕಾರ್ಯಕಾರಣವನ್ನು ವಿವರಿಸಿದವನು 1969ರಲ್ಲಿ ಯಾಕೊಬ್ ಬ್ಯರ್ಕ್ನೆಸ್. ಬೆಚ್ಚನೆಯ ನೀರು ಪೂರ್ವಕ್ಕೆ ಸರಿದರೆ ಅದರೊಡನೆ ಮೇಲೇರುವ ಗಾಳಿಯೂ ಮೋಡಗಳೂ ಪೂರ್ವಕ್ಕೆ ಸರಿಯುತ್ತವೆ. ನಮ್ಮತ್ತ ಗಾಳಿ ಕೆಳಗಿಳಿಯತೊಡಗುತ್ತದೆ, ಮುಂಗಾರು ಮಾರುತ ನಿಶ್ಶಕ್ತವಾಗುತ್ತದೆ, ಘಟ್ಟಕ್ಕೆ ಬಂದು ತಾಗುವ ಆರ್ದ್ರತೆ ಕುಗ್ಗುತ್ತದೆ. ಮಳೆ ಕುಗ್ಗಿದ ಪ್ರಮಾಣಕ್ಕಿಂತ ಹೊಳೆ ಕುಗ್ಗುವ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ಏಕೆಂದರೆ ನೆಲವೂ ಗಿಡಮರಗಳೂ ತಮ್ಮ ಪಾಲನ್ನು ಮೊದಲೇ ಹೀರಿಕೊಳ್ಳುತ್ತವೆ, ಉಳಿದುದಷ್ಟೇ ಹಳ್ಳಕ್ಕೆ ಇಳಿಯುತ್ತದೆ.

ಇಷ್ಟನ್ನು ಕೇಳಿದ ಮೇಲೆ ಎಲ್ ನಿನೊ ಬಂದರೆ ಬರ, ಅದಕ್ಕೆ ವಿರುದ್ಧವಾಗಿ ಆ ಕಡಲು ತಣಿಯುವ ಲಾ ನಿನಾ ಬಂದರೆ ಹೊಳೆ ಎಂದು ಸೂತ್ರ ಬರೆದಿಡುವ ಆತುರ ಸಹಜ. ವೃತ್ತಪತ್ರಿಕೆಗಳು ಪ್ರತಿ ಏಪ್ರಿಲ್‌ನಲ್ಲಿ ಮಾಡುವುದೂ ಅದನ್ನೇ. ಆದರೆ 1997ರಲ್ಲಿ, ಶತಮಾನದ ಅತಿಪ್ರಬಲ ಎಲ್ ನಿನೊಗಳಲ್ಲೊಂದು ತಲೆದೋರಿದ್ದಾಗ್ಯೂ, ಭಾರತದ ಮುಂಗಾರು ವಾಡಿಕೆಯಷ್ಟೇ ಸುರಿಯಿತು; 2002ರಲ್ಲಿ ಅದಕ್ಕಿಂತ ಬಹಳ ದುರ್ಬಲವಾದೊಂದು ಎಲ್ ನಿನೊ ಜುಲೈ ತಿಂಗಳನ್ನೇ ಒಣಗಿಸಿಬಿಟ್ಟಿತು. ಹಿಂದೂ ಮಹಾಸಾಗರದ ಪಶ್ಚಿಮಭಾಗ ಕಾದು ಪೂರ್ವಭಾಗ ತಣಿಯುವ ಇನ್ನೊಂದು ತೂಗಾಟವನ್ನು 1999ರಲ್ಲಿ ಸಾಜಿ, ಗೋಸ್ವಾಮಿ, ಯಮಾಗಾತಾ ಮೊದಲಾದವರು ಗುರುತಿಸಿದ ಮೇಲೆ 1997ರ ಒಗಟು ಸ್ವಲ್ಪಮಟ್ಟಿಗೆ ಬಿಡಿಸಿದಂತಾಯಿತು: ಒಂದು ಸಾಗರ ಕಸಿದುದನ್ನು ಇನ್ನೊಂದು ಕೊಟ್ಟಿತ್ತು. 2009 ಇನ್ನೂ ವಿಚಿತ್ರ. ಎಲ್ ನಿನೊ ವರ್ಷ. ದೇಶದ ಮುಂಗಾರು ಶೇಕಡಾ 22ರಷ್ಟು ಕೊರತೆಯಾಗಿ ಮುಗಿಯಿತು. ಆದರೆ ಮುಂಗಾರಿನ ಲೆಕ್ಕ ಮುಗಿಸುವ ಸೆಪ್ಟೆಂಬರ್ 30ರ ಆಸುಪಾಸಿನಲ್ಲಿಯೇ, ಹಸ್ತ ಮಳೆಯ ದಿನಗಳಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಉತ್ತರ ಕರ್ನಾಟಕದ ಮೇಲೆ ಬಂದು ನಿಂತು, ಜಿಲ್ಲೆಜಿಲ್ಲೆಗಳನ್ನೇ ಮುಳುಗಿಸಿತು. ಕೆಳಪಾತ್ರದ ಮಂತ್ರಾಲಯ ಕರ್ನೂಲುಗಳೂ ಜಲಾವೃತವಾದವು. ಬರ ನೆರೆಗಳೆರಡೂ ಒಂದೇ ವರ್ಷದ ದಫ್ತರದಲ್ಲಿ ದಾಖಲಾದವು. ದೂರದ ಸಮುದ್ರಗಳು ದಾಳದ ಒಂದು ಮೈಗೆ ಸೀಸ ಕೂಡಿಸುತ್ತವೆ, ನಿಜ. ದಾಳ ಹೇಗೆ ಬೀಳಬೇಕೆಂಬುದನ್ನು ಅವು ಕಟ್ಟಿಹಾಕಲಾರವು.

ಈ ಅರ್ಧನಿಶ್ಚಿತ ಸ್ಥಿತಿಯಲ್ಲಿ ನದಿಯನ್ನು ನಂಬಿ ಯೋಜನೆ ಮಾಡುವುದು ಹೇಗೆ? ನಮ್ಮ ಜಲವ್ಯವಹಾರವೆಲ್ಲ ಸಂಭಾವ್ಯತೆಯ ಒಂದು ಅಂಕಿಯ ಮೇಲೆ ನಿಂತಿದೆ. ಕೃಷ್ಣಾ ನದಿಯ ನೀರು ಹಂಚಿದ ಬಚಾವತ್ ನ್ಯಾಯಾಧಿಕರಣವು ಶೇಕಡಾ 75ರ ಅವಲಂಬನೆಯನ್ನು, ಎಂದರೆ ನಾಲ್ಕರಲ್ಲಿ ಮೂರು ವರ್ಷ ದೊರೆಯಬಲ್ಲ ಹರಿವನ್ನು, ಆಧಾರವಾಗಿಟ್ಟುಕೊಂಡಿತು. ಗಣಿತ ಸರಿಯಾದುದೇ. ಆದರೆ ಆ ನಾಲ್ಕನೆಯ ವರ್ಷ ಒಂಟಿಯಾಗಿ ಬರುವುದೋ ಜೊತೆಗಾರರನ್ನು ಕರೆತರುವುದೋ ಎಂಬುದನ್ನು ಅಂಕಿ ಹೇಳದು. ಸಮುದ್ರಕ್ಕೆ ದೀರ್ಘಸ್ಮೃತಿಯಿದೆ, ಅದರ ಕಾವು ಒಂದು ಋತುವಿನಲ್ಲಿ ತಣಿಯದು, ತಂಪು ಒಂದು ಋತುವಿನಲ್ಲಿ ಕರಗದು. 2020ರಿಂದ 2022ರವರೆಗೆ ಲಾ ನಿನಾ ಮೂರು ವರ್ಷ ಸತತವಾಗಿ ನಿಂತಿತು. ಅದಕ್ಕೂ ಮುಂಚೆ, 2001ರಿಂದ ಮೂರು ವರ್ಷ, ಕರ್ನಾಟಕ ಬೆನ್ನುಬೆನ್ನಿಗೆ ಬರ ಉಂಡಿತು. ಒಂದು ಬರಗಾಲವನ್ನು ಹಗೇವಿನ ಜೋಳ ದಾಟಿಸೀತು. ಎರಡನೆಯದು ಎತ್ತು ಮಾರಿಸುತ್ತದೆ, ಮೂರನೆಯದು ಮಂಗಳೂರು ಗೋವೆಗಳ ಬಸ್ಸು ಹತ್ತಿಸುತ್ತದೆ. ಸರಾಸರಿಯ ಭಾಷೆಯಲ್ಲಿ ಈ ಮೂರಕ್ಕೂ ಬೆಲೆ ಒಂದೇ.

ಇಲ್ಲಿ ಕೆರೆಗಳ ಮಾತು ಬರುತ್ತದೆ, ಮತ್ತು ನನ್ನ ವಾದದ ಮುಖ್ಯಾಂಶವೂ ಇದೇ. ಮಾಗಡಿಯ ಕೆರೆ, ಗದಗಿನ ಭೀಷ್ಮ ಕೆರೆ, ಪುಲಿಗೆರೆಯೆಂದು ಪ್ರಾಚೀನರು ಕರೆದ ಲಕ್ಷ್ಮೇಶ್ವರದ ಸುತ್ತಲಿನ ಕೆರೆಗಳು, ಕಪ್ಪತಗುಡ್ಡದ ಬುಡದ ಹಳ್ಳಗಳು—ಇವು ಮಲೆನಾಡಿನ ಋಣದಲ್ಲಿಲ್ಲ. ಇವುಗಳಿಗೆ ಬರುವ ನೀರು ಬಹುಮಟ್ಟಿಗೆ ಉತ್ತರಿ, ಹಸ್ತ, ಚಿತ್ತಿ ಮಳೆಗಳದು. ಗುಡುಗುಮಳೆಗಳೂ ಬಂಗಾಳ ಕೊಲ್ಲಿಯ ಕುಸಿತಗಳೂ ತರುವ ನೀರು. ಎಲ್ ನಿನೊ ವರ್ಷಗಳಲ್ಲಿ ಮುಂಗಾರು ಸೊರಗಿದರೂ ಈಶಾನ್ಯ ಮಾರುತದ ಮಳೆ ದಕ್ಷಿಣ ಭಾರತದಲ್ಲಿ ಅನೇಕ ವೇಳೆ ಅಧಿಕವಾಗುತ್ತದೆ. ತಮಿಳುನಾಡಿನಲ್ಲಿ ಸ್ಪಷ್ಟವಾಗಿರುವ ಈ ಸಂಬಂಧ ಗದಗಿನವರೆಗೆ ಬರುವಷ್ಟರಲ್ಲಿ ತೆಳುವಾಗುವುದಾದರೂ, ಹೊಳೆಯೂ ಕೆರೆಯೂ ಬೇರೆ ಬೇರೆ ಕಡಲುಗಳಿಗೆ, ಬೇರೆ ಬೇರೆ ತಿಂಗಳುಗಳಿಗೆ ಅಧೀನವೆಂಬ ಮಾತು ನಿಲ್ಲುತ್ತದೆ. ಎರಡೂ ಏಕಕಾಲಕ್ಕೆ ಕೈಬಿಡುವ ಸಂಭವ, ಒಂದೇ ಕೈಬಿಡುವ ಸಂಭವಕ್ಕಿಂತ ಕಡಿಮೆ. ತುಂಗಭದ್ರೆಯ ಮೇಲಿನ ಹಮ್ಮಿಗಿಯ ಬ್ಯಾರೇಜಿನಿಂದ ಕೊಳವೆಯಲ್ಲಿ ನೀರು ಬಂದಿತೆಂದು ಕೆರೆಯ ಅಂಗಳವನ್ನು ನಿವೇಶನವಾಗಿಸಿ, ಹಳ್ಳದ ಒರತೆಯನ್ನು ಮರಳಿಗಾಗಿ ತೋಡಿಬಿಟ್ಟ ಊರು, ಎರಡು ಆಸರೆಗಳಲ್ಲಿ ಒಂದನ್ನು ತಾನಾಗಿ ಕಡಿದುಕೊಂಡಂತಾಯಿತು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಕಡಲೆ ಶೇಂಗಾ ಹೊಲಗಳಲ್ಲಿ ಮೇದು, ಹಗಲು ನೀರಿನ ಮೇಲೆ ವಿಶ್ರಮಿಸುತ್ತವೆ. ಕೆರೆ ಬತ್ತಿದ ವರ್ಷ ಬೇರೆ ಕೆರೆಯನ್ನು ಅರಸಿಕೊಂಡು ಹೋಗುತ್ತವೆ. ಆ ಸ್ವಾತಂತ್ರ್ಯ ಬೆಟಗೇರಿಯ ನೇಕಾರನಿಗಿಲ್ಲ. ನಲ್ಲಿಗೆ ನೀರು ಬಿಡುವ ದಿನವನ್ನು ಎಣಿಸುತ್ತ, ಕೊಡ ಬಿಂದಿಗೆಗಳನ್ನೆಲ್ಲ ತುಂಬಿಸಿಟ್ಟುಕೊಂಡು ಮಗ್ಗಕ್ಕೆ ಕೂರಬೇಕು.

ಇನ್ನು ಹೊಳೆಯ ಬೇಸಿಗೆಯ ಪ್ರಶ್ನೆ. ಮಳೆಗಾಲ ಕಳೆದ ಮೇಲೆ ಹಮ್ಮಿಗಿಯ ಹತ್ತಿರ ನೀರು ನಿಲ್ಲುವುದು ಮೇಲಿನ ಭದ್ರಾ ಜಲಾಶಯ ಎಷ್ಟು ಬಿಟ್ಟಿತೆಂಬುದನ್ನು ಬಹುವಾಗಿ ಅವಲಂಬಿಸಿದೆ. ಭದ್ರೆಯ ಅಚ್ಚುಕಟ್ಟಿನ ಬೇಸಿಗೆ ಬೆಳೆಗೆ ನೀರು ಗೊತ್ತುಮಾಡುವ ಹೊತ್ತಿಗೆ ಬರಲಿರುವ ಜೂನ್ ಹೇಗಿರುವುದೆಂದು ಯಾವ ಶಾಸ್ತ್ರಜ್ಞನೂ ಹೇಳಲಾರನು. ವಸಂತಕ್ಕೆ ಮುಂಚೆ ಮಾಡಿದ ಪೆಸಿಫಿಕ್‌ನ ಮುನ್ಸೂಚನೆಗಳು ವಸಂತವನ್ನು ದಾಟುವಾಗ ಮುಗ್ಗರಿಸುವುದು ಆ ವಿದ್ಯೆಯ ಪ್ರಸಿದ್ಧ ದೌರ್ಬಲ್ಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಜಲಾಶಯ ತುಂಬಿ ತುಳುಕುತ್ತಿತ್ತು. ಈ ಎರಡು ವರ್ಷಗಳ ನಡುವಣ ಜನವರಿಯಲ್ಲಿ ಕುಳಿತು ಲೆಕ್ಕ ಹಾಕುವವನಿಗೆ ಎರಡನೆಯ ಸಂಗತಿಯನ್ನು ನಿರೀಕ್ಷಿಸುವ ಹಕ್ಕು ಇರಲಿಲ್ಲ. ಮಳೆ ಕೈಕೊಟ್ಟ ವರ್ಷದ ಬೆನ್ನಿಗೆ ಭತ್ತದ ಕೊನೆಯ ಒಂದೆರಡು ಸರದಿಗಳನ್ನು ಕಡಿದಾದರೂ ಮೇ ಅಂತ್ಯದವರೆಗೆ ಹೊಳೆಗಿಳಿಸುವಷ್ಟು ನೀರನ್ನು ಭದ್ರೆಯಲ್ಲಿ ಮೀಸಲಿಡಬೇಕೆಂಬ ನಿಯಮವನ್ನು ಆ ಜನವರಿ ಬರುವುದಕ್ಕಿಂತ ಎಷ್ಟೋ ಮುಂಚೆ, ಎರಡೂ ದಡದವರು ಹೊಟ್ಟೆತುಂಬ ನೀರು ಕಂಡ ವರ್ಷದಲ್ಲಿಯೇ, ಬರೆದಿಟ್ಟಿರಬೇಕು. ಬರದ ಮಧ್ಯದಲ್ಲಿ ಅದನ್ನು ಬರೆಯಲು ಹೊರಟರೆ ದಾವಣಗೆರೆಯ ಭತ್ತದ ಗದ್ದೆಯವನೂ ಒಪ್ಪನು, ಗದಗಿನವನೂ ಕೇಳಿದಷ್ಟಕ್ಕೆ ತೃಪ್ತನಾಗನು.