ಫೋಟೋಗ್ರಾಫರನ ಕೂಲಿ ಮತ್ತು ಮನೆಮಂದಿಯ ಅನುಮತಿ

ನಿಕಾಹ್ ಸಭೆಯಲ್ಲಿ ಖಾಝಿಯವರು ಖುತ್ಬಾ ಓದುತ್ತಿರುವಾಗ ಅವರ ಎದುರಿಗೇ ಮೂವರು ಕ್ಯಾಮರಾ ಹಿಡಿದು ನಿಂತಿರುತ್ತಾರೆ. ಹಿಂದಿನ ಸಾಲಿನವರಿಗೆ ಮದುಮಗನ ಮುಖ ಕಾಣಿಸುವುದಿಲ್ಲ, ಕ್ಯಾಮರಾದವರ ಬೆನ್ನು ಮಾತ್ರ ಕಾಣಿಸುತ್ತದೆ. ಹಿರಿಯರು ಗೊಣಗುತ್ತಾರೆ. ಊಟದ ಹೊತ್ತಿಗೆ ಗೊಣಗಿದ ಹಿರಿಯರೂ ಮೊಮ್ಮಗನ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಪಟ್ಟಣಗಳ ಮದುವೆ ಹಾಲ್‌ಗಳಲ್ಲಿ ಇದು ಮಾಮೂಲು ದೃಶ್ಯ. ಫೋಟೋ ಬೇಕೋ ಬೇಡವೋ ಎಂಬ ಚರ್ಚೆಯನ್ನು ನಾವು ದಶಕಗಳ ಕಾಲ ನಡೆಸಿದೆವು. ಆದರೆ ಫೋಟೋ ತೆಗೆಯುವವನ ಹಕ್ಕೇನು, ತೆಗೆಸಿಕೊಳ್ಳುವವರ ಹಕ್ಕೇನು ಎಂಬ ಪ್ರಶ್ನೆಗಳು ನಮ್ಮ ವೇದಿಕೆಗಳಲ್ಲಿ ಚರ್ಚೆಗೆ ಬಂದದ್ದೇ ವಿರಳ.

ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂಬುದನ್ನು ಪ್ರಯೋಗಗಳ ಮೂಲಕ ವಿವರಿಸಿದ ಇಬ್ನುಲ್ ಹೈಸಮ್ 11ನೇ ಶತಮಾನದ ಆರಂಭದಲ್ಲಿ 'ಕಿತಾಬುಲ್ ಮನಾಝಿರ್' ರಚಿಸಿದರು. ಕತ್ತಲ ಕೋಣೆಯ ಸಣ್ಣ ರಂಧ್ರದ ಮೂಲಕ ಹಾದುಬರುವ ಬೆಳಕನ್ನು ಅವರು ಅಧ್ಯಯನ ಮಾಡಿದ್ದರು. ಕ್ಯಾಮರಾದ ಮೂಲತತ್ವ ಅದೇ. 1839ರ ಆಗಸ್ಟ್ 19ರಂದು ಪ್ಯಾರಿಸ್‌ನಲ್ಲಿ ಡಗೇರ್‌ನ ವಿಧಾನವನ್ನು ಜಗತ್ತಿಗೆ ಬಹಿರಂಗಪಡಿಸಲಾಯಿತು. ಈ ತಂತ್ರ ಮುಸ್ಲಿಮ್ ನಾಡುಗಳನ್ನು ತಲುಪಿದಾಗ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟಾದದ್ದು ಸಹಜ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈಯವರು, ಇದು ರೂಪವನ್ನು ಸೃಷ್ಟಿಸುವ ಕೆಲಸವಲ್ಲ, ನೆರಳನ್ನು ಹಿಡಿದಿಡುವ ಕೆಲಸ ಎಂದು ವಾದಿಸಿ ಗ್ರಂಥವನ್ನೇ ಬರೆದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದರು, ಈಗಲೂ ಇದ್ದಾರೆ. ಅವರ ಎಚ್ಚರಿಕೆಯನ್ನು ನಾವು ಗೌರವಿಸಬೇಕು. ಆದರೆ ಹಜ್ಜ್ ಯಾತ್ರೆಯ ಪಾಸ್‌ಪೋರ್ಟ್‌ನಿಂದ ಹಿಡಿದು ಮತದಾರರ ಗುರುತುಚೀಟಿಯ ವರೆಗೆ ಫೋಟೋ ಇಲ್ಲದೆ ಬದುಕು ಸಾಗದ ಕಾಲವಿದು. ಆದ್ದರಿಂದ ಈ ವೃತ್ತಿಯ ನೀತಿಯ ಕುರಿತು ಮಾತಾಡುವುದು ಅನಿವಾರ್ಯ.

ಮೊದಲು, ಕ್ಯಾಮರಾದ ಹಿಂದೆ ಇರುವವನ ಕುರಿತು ಯೋಚಿಸೋಣ.

ಬಸ್ ನಿಲ್ದಾಣದ ಬಳಿಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಬದುಕುತ್ತಿದ್ದ ಫೋಟೋಗ್ರಾಫರನಿಗೆ ಮದುವೆ ಎಂದರೆ ಹಬ್ಬವಾಗಿತ್ತು. ಒಂದು ರೋಲಿನಲ್ಲಿ 36 ಚಿತ್ರ. ಆದ್ದರಿಂದ ಪ್ರತಿ ಬಾರಿ ಗುಂಡಿ ಒತ್ತುವ ಮೊದಲು ಆತ ಲೆಕ್ಕ ಹಾಕುತ್ತಿದ್ದ. ಡಿಜಿಟಲ್ ಕ್ಯಾಮರಾ ಬಂದು ಕತ್ತಲ ಕೋಣೆ ಮುಚ್ಚಿತು. ಫಿಲ್ಮ್ ಎಂಬುದಕ್ಕೇ ಪರ್ಯಾಯ ಹೆಸರಾಗಿದ್ದ ಕೊಡಾಕ್ ಕಂಪೆನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅನಂತರ ಪ್ರತಿಯೊಬ್ಬರ ಕಿಸೆಗೂ ಕ್ಯಾಮರಾ ಬಂತು. ಪ್ರವಾಸಿ ತಾಣಗಳಲ್ಲಿ ಕ್ಯಾಮರಾ ನೇತುಹಾಕಿಕೊಂಡು, 'ಸಾರ್, ಒಂದು ಫೋಟೋ' ಎಂದು ಕೇಳುತ್ತಿದ್ದವರ ಹೊಟ್ಟೆಯ ಮೇಲೆ ಮೊಬೈಲ್ ಹೊಡೆದಿದೆ. ಉಳಿದದ್ದು ಮದುವೆ ಮಾತ್ರ. ಅದೂ ಸೀಸನಿನ ದುಡಿಮೆ. ರಮಝಾನಿನಲ್ಲಿ ನಮ್ಮಲ್ಲಿ ಮದುವೆ ಅಪರೂಪ, ಆಷಾಢದಲ್ಲಿ ಹಿಂದೂ ಬಾಂಧವರಲ್ಲಿ ಇಲ್ಲ. 2020ರಲ್ಲಿ ಕೊರೋನಾ ನಿಮಿತ್ತ ಮದುವೆಗೆ 50 ಮಂದಿಯ ಮಿತಿ ಹೇರಲಾದಾಗ, ಸಾಲ ಮಾಡಿ ಕ್ಯಾಮರಾ ಕೊಂಡಿದ್ದವರ ಗತಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಒಂದು ದಿನ ಬಂದು ಫೋಟೋ ತೆಗೆದು ಹೋಗುವವನಿಗೆ ಇಷ್ಟೊಂದು ಹಣವೇ ಎಂದು ಅನೇಕರು ಕೇಳುವುದಿದೆ. ನಿಜವಾಗಿ, ಆತನ ಕೆಲಸ ಆರಂಭವಾಗುವುದೇ ಮದುವೆ ಮುಗಿದ ಬಳಿಕ. ಸಾವಿರಾರು ಚಿತ್ರಗಳನ್ನು ಎರಡು ಕಡೆ ನಕಲು ಮಾಡಿ ಜೋಪಾನವಾಗಿಡಬೇಕು. ಕಣ್ಣು ಮುಚ್ಚಿದವುಗಳನ್ನು, ಮಸುಕಾದವುಗಳನ್ನು ತೆಗೆದುಹಾಕಬೇಕು. ಬಣ್ಣ ಸರಿಪಡಿಸಬೇಕು, ಪುಟ ಜೋಡಿಸಬೇಕು, ಆಲ್ಬಮ್ ಮುದ್ರಿಸಬೇಕು, ವೀಡಿಯೊ ಕತ್ತರಿಸಿ ಹೊಂದಿಸಬೇಕು. ಇದು ವಾರಗಳ ಕೆಲಸ. ಮುದ್ರಣಾಲಯದವನಿಗೆ, ಜೊತೆಗೆ ಬಂದ ಸಹಾಯಕರಿಗೆ ಆತ ಕೈಯಿಂದ ಹಣ ಕೊಟ್ಟಿರುತ್ತಾನೆ. ದುರಂತವೇನೆಂದರೆ, ಹಾಲ್‌ನ ಬಾಡಿಗೆ, ಬಿರಿಯಾನಿಯ ಲೆಕ್ಕ, ಅಲಂಕಾರದ ಬಿಲ್ಲು ಎಲ್ಲವೂ ಚುಕ್ತಾ ಆದ ಬಳಿಕ ಫೋಟೋಗ್ರಾಫರನ ಬಾಕಿ ಮಾತ್ರ ಉಳಿದುಬಿಡುತ್ತದೆ. ಆಲ್ಬಮ್ ಸಿದ್ಧವಾಗಿ ತಿಂಗಳುಗಳಾದರೂ ಒಯ್ಯಲು ಯಾರೂ ಬರುವುದಿಲ್ಲ. ಸಾವಿರ ಮಂದಿಗೆ ಉಣಬಡಿಸಿದ ಮನೆಯವರಿಗೆ, ಬೆಳಗ್ಗಿನಿಂದ ನಿಂತೇ ಇದ್ದವನು ಊಟ ಮಾಡಿದನೇ ಎಂದು ವಿಚಾರಿಸಲು ಪುರುಸೊತ್ತಿರುವುದಿಲ್ಲ. ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆ ಬೋಧನೆಯನ್ನು ನಾವು ಮಣ್ಣು ಹೊರುವವನಿಗೆ ಮಾತ್ರ ಸೀಮಿತಗೊಳಿಸಿಬಿಟ್ಟೆವೇ? ನಿಕಾಹ್ ಎಂಬ ಪವಿತ್ರ ಕರಾರಿನ ದಿನವೇ ಇನ್ನೊಂದು ಕರಾರನ್ನು ಮುರಿಯುವುದು ಯಾವ ಧಾರ್ಮಿಕತೆ?

ಇನ್ನು, ಕ್ಯಾಮರಾದ ಮುಂದೆ ಇರುವವರ ವಿಷಯಕ್ಕೆ ಬರೋಣ. ಇಲ್ಲಿ ಫೋಟೋಗ್ರಾಫರ್ ಬಾಂಧವರು ಉತ್ತರಿಸಬೇಕಾದ ಪ್ರಶ್ನೆಗಳಿವೆ.

ಮಹಿಳೆಯರ ವಿಭಾಗದಲ್ಲಿ ತೆಗೆದ ಚಿತ್ರ ಮನೆಯವರ ಆಲ್ಬಮ್‌ಗಾಗಿ ತೆಗೆದದ್ದು. ಅದು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಅಥವಾ ಇನ್‌ಸ್ಟಾಗ್ರಾಮ್ ಪುಟದಲ್ಲಿ ಜಾಹೀರಾತಾಗಿ ಕಾಣಿಸಿಕೊಂಡರೆ ಅದು ವಿಶ್ವಾಸದ್ರೋಹ. 'ಚಿತ್ರ ತೆಗೆದದ್ದು ನಾನು, ಆದ್ದರಿಂದ ಅದು ನನ್ನದು' ಎಂದು ಹಲವರು ಭಾವಿಸಿದ್ದಾರೆ. ಆದರೆ ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವರು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಇದು ಬದಲಾಗುತ್ತದೆ. 2017ರಲ್ಲಿ ಸುಪ್ರೀಮ್ ಕೋರ್ಟಿನ 9 ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣದ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಒಂದು ಫೋಟೋದಿಂದ ಏನು ಮಹಾ ಆಗುತ್ತದೆ ಎಂದು ಕೇಳುವವರು 2021ರ ಜುಲೈಯನ್ನೂ 2022ರ ಜನವರಿಯನ್ನೂ ನೆನಪಿಸಿಕೊಳ್ಳಲಿ. 'ಸುಲ್ಲಿ ಡೀಲ್ಸ್' ಮತ್ತು 'ಬುಲ್ಲಿ ಬಾಯಿ' ಎಂಬ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಅಂತರ್ಜಾಲದಿಂದ ಎತ್ತಿ ಹರಾಜಿಗಿಟ್ಟ ನೀಚತನವನ್ನು ದೇಶ ಕಂಡಿತು. ಆ ಮಹಿಳೆಯರು ಯಾವ ತಪ್ಪನ್ನೂ ಮಾಡಿರಲಿಲ್ಲ. ಒಂದು ಮುಖದ ಚಿತ್ರವಿದ್ದರೆ ಸುಳ್ಳು ದೃಶ್ಯವನ್ನೇ ಸೃಷ್ಟಿಸಬಲ್ಲ ಕೃತಕ ಬುದ್ಧಿಮತ್ತೆ ಈಗ ಎಲ್ಲರ ಕೈಗೆಟಕುತ್ತಿದೆ. ಹೀಗಿರುವಾಗ, ಮದುಮಗಳ ನೂರಾರು ಚಿತ್ರಗಳಿರುವ ಮೆಮೊರಿ ಕಾರ್ಡು ಯಾರ ಕೈಯಲ್ಲಿದೆ, ದುರಸ್ತಿಗೆ ಕೊಟ್ಟ ಕಂಪ್ಯೂಟರಿನಲ್ಲಿ ಏನೇನಿದೆ ಎಂಬುದು ಕ್ಷುಲ್ಲಕ ಸಂಗತಿಯಾಗುವುದು ಹೇಗೆ? ಇತರರ ಮನೆಯನ್ನು ಪ್ರವೇಶಿಸುವ ಮುನ್ನ ಅನುಮತಿ ಪಡೆಯಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯ ಆದೇಶಿಸುತ್ತದೆ. ಲೆನ್ಸ್ ಕೂಡಾ ಮನೆಯೊಳಗೆ ತೆರೆಯುವ ಬಾಗಿಲೇ ಅಲ್ಲವೇ?

ಹಾಗಂತ ಕ್ಯಾಮರಾವನ್ನು ದ್ವೇಷಿಸುವುದು ಪರಿಹಾರವಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಜನಸಾಮಾನ್ಯರ ಬದುಕನ್ನು ಪ್ರೀತಿಯಿಂದ ಸೆರೆಹಿಡಿದು ಈ ನಾಡಿಗೆ ಹೆಸರು ತಂದರು. ಜಾಮಿಅ ಮಿಲ್ಲಿಯಾದಲ್ಲಿ ಕಲಿತ ದಾನಿಶ್ ಸಿದ್ದೀಕಿ ರೋಹಿಂಗ್ಯಾ ನಿರಾಶ್ರಿತರ ಸಂಕಟವನ್ನು ಜಗತ್ತಿಗೆ ತೋರಿಸಿದ ತಂಡದಲ್ಲಿದ್ದು 2018ರಲ್ಲಿ ಪುಲಿಟ್ಝರ್ ಪಡೆದರು. 2021ರ ಜುಲೈಯಲ್ಲಿ ಅಫ್ಘಾನಿಸ್ತಾನದಲ್ಲಿ ಕರ್ತವ್ಯದಲ್ಲಿರುವಾಗಲೇ ಹತ್ಯೆಗೀಡಾದರು. ಬೀದಿಯ, ನಗರದ, ನೋವಿನ ಚಿತ್ರಗಳು ಇಲ್ಲದಿದ್ದರೆ ಎಷ್ಟೋ ಅನ್ಯಾಯಗಳು ಕತ್ತಲಲ್ಲೇ ಉಳಿಯುತ್ತಿದ್ದವು. 2012ರಲ್ಲಿ ಮಂಗಳೂರಿನ ಹೋಮ್ ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನಡೆಸಿದ ದಾಳಿ ಹೊರಜಗತ್ತಿಗೆ ಗೊತ್ತಾದದ್ದು ಕ್ಯಾಮರಾದಿಂದ. ಆದರೆ ಅದನ್ನು ತೋರಿಸಿದ ವರದಿಗಾರನೇ ತಿಂಗಳುಗಳ ಕಾಲ ಜೈಲಿನಲ್ಲಿರಬೇಕಾಯಿತು.

ಅದೇ ಕ್ಯಾಮರಾ ದಾಳಿಕೋರನ ಕೈಗೆ ಹೋದಾಗ ಏನಾಗುತ್ತದೆ? 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್‌ನಲ್ಲಿ ಲಾಡ್ಜ್ ಕೋಣೆಗೆ ನುಗ್ಗಿದ ಗುಂಪೊಂದು ಅಂತರ್ಧರ್ಮೀಯ ಜೋಡಿಯನ್ನು ಥಳಿಸಿ, ಅದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಆ ಮಹಿಳೆ ಹೇಳಿಕೆ ಕೊಟ್ಟರು. ಬಂಧಿತರು ನಮ್ಮದೇ ಸಮುದಾಯದ ಯುವಕರು. ಸಮುದಾಯದ ಮಾನ ಕಾಪಾಡುವ ಹೆಸರಲ್ಲಿ ಹೆಣ್ಣೊಬ್ಬಳ ಮಾನವನ್ನು ಮೊಬೈಲ್‌ನಲ್ಲಿ ಹಂಚುವುದಕ್ಕೆ ಇಸ್ಲಾಮಿನಲ್ಲಿ ಯಾವ ಸಮರ್ಥನೆಯೂ ಇಲ್ಲ. ಇತರರ ಗುಟ್ಟನ್ನು ಕೆದಕಬಾರದೆಂದು ಕಲಿಸುವ ಧರ್ಮ ಅದು. ಪರರ ಅನೈತಿಕ ಪೊಲೀಸ್‌ಗಿರಿಯನ್ನು ಖಂಡಿಸುವ ನಾವು ನಮ್ಮವರದ್ದನ್ನು ಕಂಡಾಗ ಮೌನವಹಿಸಿದರೆ ನಮ್ಮ ಖಂಡನೆಗೆ ಬೆಲೆಯಿರುವುದಿಲ್ಲ. ಜೋಡಿಯ ಚಿತ್ರ ತೆಗೆಯುವ ವೃತ್ತಿನಿರತ ಫೋಟೋಗ್ರಾಫರ್ ಮೊದಲು ಅವರ ಒಪ್ಪಿಗೆ ಕೇಳುತ್ತಾನೆ. ಈತ ಮತ್ತು ಆ ದಾಳಿಕೋರ ಹಿಡಿದಿರುವ ಯಂತ್ರ ಒಂದೇ. ಒಬ್ಬನದ್ದು ದುಡಿಮೆ, ಇನ್ನೊಬ್ಬನದ್ದು ಅಪರಾಧ. ಈ ಗೆರೆಯನ್ನು ಎಳೆಯುವುದು ಅನುಮತಿ.

ಪರಿಹಾರ ಕಷ್ಟವೇನಲ್ಲ. ಸಾಲದ ವ್ಯವಹಾರವನ್ನು ಬರೆದಿಟ್ಟುಕೊಳ್ಳಬೇಕೆಂದು ಅಲ್ ಬಕರ ಅಧ್ಯಾಯದ 282ನೇ ಸೂಕ್ತವು ವಿವರವಾಗಿ ಹೇಳುತ್ತದೆ. ಫೋಟೋಗ್ರಾಫರನೊಂದಿಗೂ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಒಟ್ಟು ಮೊತ್ತವೆಷ್ಟು, ಮುಂಗಡವೆಷ್ಟು, ಬಾಕಿ ಯಾವ ದಿನ, ಆಲ್ಬಮ್ ಯಾವಾಗ, ಮಹಿಳೆಯರ ಚಿತ್ರಗಳನ್ನು ಯಾರು ತೆಗೆಯುತ್ತಾರೆ ಮತ್ತು ಯಾರು ನೋಡುತ್ತಾರೆ, ಪ್ರಚಾರಕ್ಕೆ ಬಳಸಬಹುದೇ, ಕೆಲಸ ಮುಗಿದ ಮೇಲೆ ನಕಲುಗಳನ್ನು ಯಾವಾಗ ಅಳಿಸಬೇಕು ಎಂಬಷ್ಟು ಅದರಲ್ಲಿರಲಿ. ಮಾತು ತಪ್ಪಿದ ಫೋಟೋಗ್ರಾಫರನ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಇದೇ ಕಾಗದ ಆಧಾರ. ಹಣ ಕೊಡದ ಗಿರಾಕಿಯನ್ನು ಪ್ರಶ್ನಿಸಲು ಆತನಿಗೂ ಇದೇ ಆಧಾರ. ಅತಿಥಿಗಳಿಗೂ ಒಂದು ಮಾತು: ಫೋಟೋಗ್ರಾಫರ್ ಪಾಲಿಸುವ ಶಿಸ್ತನ್ನು ನಿಮ್ಮ ಮೊಬೈಲ್ ಕೂಡಾ ಪಾಲಿಸಲಿ. ಮಹಿಳೆಯರ ಸಭಾಂಗಣದ ಚಿತ್ರಗಳು ಊಟ ಮುಗಿಯುವ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಹೊಣೆಗಾರರು ನೆಂಟರೇ.

ಇದರೊಂದಿಗೆ ನಮ್ಮ ಹೆಣ್ಣುಮಕ್ಕಳಿಗೆ ಈ ವೃತ್ತಿಯ ಬಾಗಿಲು ತೆರೆಯಬೇಕು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯ್ ವ್ಯಾರವಾಲಾ ಸ್ವಾತಂತ್ರ್ಯದ ಘಳಿಗೆಗಳನ್ನು ಸೆರೆಹಿಡಿದವರು. ಮಹಿಳೆಯರ ವಿಭಾಗಕ್ಕೆ ಮಹಿಳೆಯೇ ಬೇಕೆಂದು ಬಯಸುವ ಸಮುದಾಯವು, ಆ ಮಹಿಳೆಯನ್ನು ತಯಾರುಗೊಳಿಸುವ ಹೊಣೆಯನ್ನೂ ಹೊರಬೇಕಲ್ಲವೇ? ಹೊಲಿಗೆ ತರಬೇತಿ ನಡೆಸುವ ನಮ್ಮ ಸಂಸ್ಥೆಗಳು ಎರಡು ಕ್ಯಾಮರಾ, ಒಂದು ಕಂಪ್ಯೂಟರ್ ಇಟ್ಟು ಛಾಯಾಗ್ರಹಣವನ್ನೂ ಕಲಿಸಬಹುದು. ಕೊನೆಯದಾಗಿ, ನಿಕಾಹ್‌ಗೂ ಮೊದಲೇ ಹುಡುಗ ಹುಡುಗಿಯನ್ನು ಕಡಲತೀರ, ಬೆಟ್ಟ ಎಂದು ಸುತ್ತಾಡಿಸಿ ಚಿತ್ರ ತೆಗೆಸುವ ಹೊಸ ಆಡಂಬರದಿಂದ ಹಿಂದೆ ಸರಿಯೋಣ. ಒಬ್ಬ ಶ್ರೀಮಂತ ಅದನ್ನು ಮಾಡಿದರೆ, ಪಕ್ಕದ ಬೀದಿಯ ಬಡ ತಂದೆ ಸಾಲ ಮಾಡಬೇಕಾಗುತ್ತದೆ. ಅಲ್ಲಿ ಉಳಿಸಿದ ಹಣದಲ್ಲಿ ಮದುವೆಯ ದಿನ ದುಡಿದವನ ಬಾಕಿಯನ್ನು ಅಂದೇ ತೀರಿಸೋಣ.