ಪಹಣಿಗೆ ಬಂದ ಹಣ, ನೇಗಿಲಿಗೆ ಬಾರದ ಹಣ

ಸರಕಾರದ ಸಹಾಯಧನ ಎಷ್ಟು ಬಂತೆಂದು ಕೇಳುವವರು ಬಹಳ. ಯಾರ ಹೆಸರಿಗೆ ಬಂತೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕೇಳಿದ್ದಕ್ಕೆ ಪೆಟ್ಟು ತಿಂದವರ ಕಥೆಯೊಂದನ್ನು ಈ ಸಲ ಓದುಗರ ಮುಂದಿಡುತ್ತಿದ್ದೇವೆ. ಅದು ಅಮೆರಿಕದ ಅರ್ಕಾನ್ಸಾ ರಾಜ್ಯದ ಪೊಯಿನ್‌ಸೆಟ್ ಎಂಬ ಕೌಂಟಿಯದು. ಕೌಂಟಿಯೆಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ. ಅಲ್ಲಿ ಧಣಿಗಳ ಹತ್ತಿ ಹೊಲಗಳನ್ನು ಪಾಲಿಗೆ ಸಾಗುವಳಿ ಮಾಡುತ್ತಿದ್ದವರು ಭೂಮಿಯಿಲ್ಲದ ಒಕ್ಕಲುಗಳು.

ಹತ್ತಿಯ ಬೆಲೆ ನೆಲಕಚ್ಚಿದ್ದ 1933ರ ಮೇ ತಿಂಗಳಲ್ಲಿ ರೂಸ್‌ವೆಲ್ಟ್ ಸರಕಾರವು ಹೊಸ ಕೃಷಿ ಕಾಯಿದೆಯನ್ನು ತಂದಿತು. ಬೆಳೆ ತಗ್ಗಿಸಿದವರಿಗೆ ಹಣ. ಬೆಳೆ ತಗ್ಗಿದರೆ ಬೆಲೆ ಏರೀತೆಂಬ ಲೆಕ್ಕ. ಅಷ್ಟರಲ್ಲಿ ಬಿತ್ತನೆ ಮುಗಿದೇಹೋಗಿತ್ತು. ಆದುದರಿಂದ ಆ ಬೇಸಿಗೆಯಲ್ಲಿ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಲಾಯಿತು. ಗಿಡ ತುಳಿಯದಂತೆ ಪಳಗಿದ್ದ ಹೇಸರಗತ್ತೆಗಳು ಸಾಲಿನ ಮೇಲೆ ಕಾಲಿಡಲು ಒಪ್ಪಲಿಲ್ಲವಂತೆ. ಅವುಗಳಿಗಿದ್ದ ವಿವೇಕವಾದರೂ ಇರಬೇಕಿತ್ತು!

ಮುಂದಿನ ಎರಡು ವರ್ಷಗಳ ಕರಾರಿನಲ್ಲಿ ಪೌಂಡು ಹತ್ತಿಗೆ 4.5 ಸೆಂಟಿನಂತೆ ಪರಿಹಾರ ಗೊತ್ತಾಯಿತು. ಅದರಲ್ಲಿ ಪಾಲಿನ ಒಕ್ಕಲಿಗೆ ಸಲ್ಲುತ್ತಿದ್ದುದು ಅರ್ಧ ಸೆಂಟು, ಉಳಿದ 4 ಸೆಂಟು ಧಣಿಗೆ. ಆ ಅರ್ಧ ಸೆಂಟೂ ಧಣಿಯ ಕೈಯಿಂದಲೇ ಬರಬೇಕು. ಹಳೆಯ ಸಾಲಕ್ಕೆ ವಜಾ ಆದರೆ ಅದೂ ಇಲ್ಲ. ಒಕ್ಕಲುಗಳ ಸಂಖ್ಯೆಯನ್ನು "ಸಾಧ್ಯವಾದ ಮಟ್ಟಿಗೆ" ಉಳಿಸಿಕೊಳ್ಳತಕ್ಕದ್ದೆಂದು ಕರಾರಿನಲ್ಲಿ ಬರೆದಿತ್ತು, ನಿಜ. ಆದರೆ ಉಳುವ ನೆಲ ಕಡಿಮೆಯಾದ ಮೇಲೆ ಒಕ್ಕಲು ಯಾರಿಗೆ ಬೇಕು? ಒಕ್ಕಲನ್ನು ಬಿಡಿಸಿ ಕೂಲಿಯವನನ್ನು ಇಟ್ಟುಕೊಂಡರೆ ಅರ್ಧ ಸೆಂಟೂ ಧಣಿಗೇ ಉಳಿಯುವುದು. ಕುಟುಂಬಗಳು ಬೀದಿಗೆ ಬಿದ್ದವು.

1934ರ ಜುಲೈನಲ್ಲಿ ಟೈರೋಂಜಾ ಎಂಬ ಊರಿನ ಬಳಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಒಂದು ಶಾಲೆಯಲ್ಲಿ ಸೇರಿ ದಕ್ಷಿಣ ಗೇಣಿದಾರರ ಸಂಘವನ್ನು ಕಟ್ಟಿದರು. ಆ ಕಾಲದ ಆ ಸೀಮೆಯಲ್ಲಿ ಇಬ್ಬರೂ ಒಟ್ಟಿಗೆ ಕೂತದ್ದೇ ಸಾಹಸ. ಸಂಘದ ಸಭೆಗಳ ಮೇಲೆ ದಾಳಿಗಳಾದವು. ಇರುವ ಒಕ್ಕಲುಗಳನ್ನೇ ಮುಂದುವರಿಸಬೇಕೆಂದು ಕರಾರನ್ನು ಅರ್ಥೈಸಿದ ಕೃಷಿ ಇಲಾಖೆಯ ವಕೀಲರನ್ನು 1935ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆಯಲಾಯಿತು. 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂಲ ಯೋಜನೆಯನ್ನೇ ರದ್ದುಗೊಳಿಸಿತು. ಎರಡು ತಿಂಗಳು ತುಂಬುವುದರೊಳಗೆ ಸಹಾಯಧನವು ಬೇರೆ ಹೆಸರಿನಲ್ಲಿ ಮರಳಿತು: ಮಣ್ಣಿನ ಸಂರಕ್ಷಣೆ! ಪರಿಸರದ ಮಾತಾಡುವ ನಾವು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಮಣ್ಣಿನ ಹೆಸರು ಹೇಳಿದ ಮಾತ್ರಕ್ಕೆ ಹಣವು ಮಣ್ಣು ಮುಟ್ಟಿದವನನ್ನು ತಲುಪುವುದಿಲ್ಲ.

ಮಲೆನಾಡಿಗೆ ಇದು ಪರದೇಶದ ಕಥೆಯಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ ಸತ್ಯಾಗ್ರಹ ಹೂಡಿದ ನೆಲವಿದು. 1974ರ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿ ಅನೇಕರನ್ನು ಒಡೆಯರನ್ನಾಗಿಸಿತು. ಆದರೂ ಬಾಯಿಮಾತಿನ ಗೇಣಿ ಉಳಿದುಕೊಂಡಿದೆ. ಕಾಯಿದೆಯ ಕಣ್ಣಿಗೆ ಅಂಥ ಗೇಣಿದಾರನೇ ಇಲ್ಲ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ನಿಧಿಯ ವರ್ಷದ 6,000 ರೂಪಾಯಿಯನ್ನು ದಾಖಲೆಯಲ್ಲಿ ಹೆಸರಿರುವ ಭೂಹಿಡುವಳಿದಾರ ಕುಟುಂಬಗಳಿಗೆಂದೇ ಗೊತ್ತುಮಾಡಲಾಯಿತು. ಗದ್ದೆಯನ್ನು ಮಾತಿನ ಮೇಲೆ ಪಡೆದು ಬೆಳೆಯುವವನೂ, ಹಕ್ಕುಪತ್ರಕ್ಕಾಗಿ ಕಾದಿರುವ ಬಗರ್‌ಹುಕುಂ ಸಾಗುವಳಿದಾರನೂ ಇದರ ಹೊರಗೆ. ಮುಂದಿನ ವರ್ಷ ಗದ್ದೆ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಎಂಬವನು ಹಸಿರೆಲೆ ಗೊಬ್ಬರ ಹಾಕಿ ನೆಲ ಕಾಯುವುದಾದರೂ ಹೇಗೆ?

ಪಹಣಿಯ ಜೊತೆಗೆ ನಿಜವಾದ ಸಾಗುವಳಿದಾರರ ಪಟ್ಟಿಯೊಂದನ್ನು ಗ್ರಾಮಸಭೆಯೇ ಸಿದ್ಧಪಡಿಸಬೇಕು. ಸಹಾಯಧನ ಹಂಚುವಾಗ ಅದಕ್ಕೂ ಮಾನ್ಯತೆ ಇರಬೇಕು. ಭೂಮಾಲೀಕರಿಗೆ ಹಕ್ಕು ಹೋದೀತೆಂಬ ಭಯವಿರುವುದು ಸಹಜ. ಈ ಪಟ್ಟಿ ಸಹಾಯಧನಕ್ಕೆ ಮಾತ್ರ, ಒಡೆತನಕ್ಕಲ್ಲ ಎಂದು ಅದರಲ್ಲೇ ನಮೂದಿಸಬಹುದು. ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ತಮ್ಮ ತಮ್ಮ ಊರಿನ ಗದ್ದೆಬಯಲಿನಲ್ಲಿ ಯಾವ ಸರ್ವೆ ನಂಬರನ್ನು ಯಾರು ಉಳುತ್ತಿದ್ದಾರೆಂದು ಕೇಳಿ, ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಂಡರೆ ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಲು ಅದೇ ಮೊದಲ ಕಾಗದವಾದೀತು.