ಮತ್ತೆ ಗರ್ಭಿಣಿಯೇ? ಹಾಲು ಬಿಡಿಸಲು ಅವಸರ ಬೇಡ

ಎದೆಹಾಲು ಕುಡಿಯುವ ಕೂಸು ಮಡಿಲಲ್ಲಿರುವಾಗಲೇ ತಾಯಿ ಮತ್ತೆ ಗರ್ಭಿಣಿಯಾಗಿರಬಹುದೆಂಬ ಸಂಶಯ ಬಂದರೆ ಸಾಕು, ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಬಾಯಿಂದ ಬರುವ ಮೊದಲ ಮಾತು ಒಂದೇ: “ಇನ್ನು ಆ ಹಾಲು ಕೊಡಬೇಡ, ಅದು ಕೆಟ್ಟ ಹಾಲು.” ಅದೇ ರಾತ್ರಿ ಮೊಲೆಗೆ ಬೇವಿನ ರಸ ಹಚ್ಚಲಾಗುತ್ತದೆ. ಮಗುವನ್ನು ಅಜ್ಜಿಯ ಪಕ್ಕದಲ್ಲಿ ಮಲಗಿಸಲಾಗುತ್ತದೆ. ಮಗು ಅತ್ತು ಅತ್ತು ಸುಸ್ತಾಗಿ ನಿದ್ದೆ ಹೋದರೆ, ತಾಯಿ ಹಾಲು ಕಟ್ಟಿದ ಎದೆಯ ನೋವಿನಲ್ಲಿ ಬೆಳಗು ಮಾಡುತ್ತಾಳೆ. ಈ ಅವಸರಕ್ಕೆ ವೈದ್ಯಶಾಸ್ತ್ರದಲ್ಲೂ ಆಧಾರವಿಲ್ಲ, ದೀನ್‌ನಲ್ಲೂ ಆಧಾರವಿಲ್ಲ.

ಹಾಲುಣಿಸುವ ಕಾಲದಲ್ಲಿ ದಂಪತಿಗಳು ಕೂಡಿದರೆ ಮಗುವಿಗೆ ಕೇಡು ಎಂಬ ನಂಬಿಕೆ ಹಿಂದಿನ ಅರಬರಲ್ಲೂ ಇತ್ತು. ಇದನ್ನು ‘ಗೀಲಃ’ ಎನ್ನುತ್ತಿದ್ದರು. ಗರ್ಭಿಣಿಯಾಗಿದ್ದು ಹಾಲುಣಿಸುವುದೇ ಗೀಲಃ ಎಂದು ಅರ್ಥೈಸಿದ ವಿದ್ವಾಂಸರೂ ಇದ್ದಾರೆ. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಲು ಆಲೋಚಿಸಿದ್ದರು. ಆದರೆ ರೋಮನ್ನರೂ ಪರ್ಶಿಯನ್ನರೂ ಹಾಗೆ ಮಾಡುತ್ತಿದ್ದು, ಅವರ ಮಕ್ಕಳಿಗೆ ಅದರಿಂದ ಹಾನಿಯಾಗುತ್ತಿಲ್ಲ ಎಂಬುದನ್ನು ಗಮನಿಸಿ ನಿಷೇಧಿಸಲಿಲ್ಲ ಎಂದು ಸಹೀಹ್ ಮುಸ್ಲಿಮ್‌ನ ಹದೀಸ್‌ನಿಂದ ತಿಳಿಯುತ್ತದೆ. ಕೇಳಿದ ಮಾತಿಗಿಂತ ಕಂಡ ಸತ್ಯಕ್ಕೆ ಬೆಲೆ ಕೊಡಬೇಕೆಂಬ ಪಾಠ ಇದರಲ್ಲಿ ನಮಗಿದೆ.

ಆದ್ದರಿಂದ ಸಹೋದರಿಯರೇ, ಮೊದಲು ಸಂಶಯ ಪರಿಹರಿಸಿಕೊಳ್ಳಿ. ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ ಎಂಬ ಮಾತು ಮೂರು ಷರತ್ತುಗಳು ಒಟ್ಟಿಗಿದ್ದಾಗ ಮಾತ್ರ ಬಹುಮಟ್ಟಿಗೆ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನಷ್ಟೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಆ ರಕ್ಷಣೆಯನ್ನು ನಂಬುವಂತಿಲ್ಲ. ಮುಟ್ಟು ಮರಳುವ ಮೊದಲೇ ಅಂಡಾಣು ಬಿಡುಗಡೆಯಾಗಬಹುದು. ಹಾಗಾಗಿ ಒಮ್ಮೆಯೂ ಮುಟ್ಟಾಗದೆ ಗರ್ಭ ಧರಿಸುವವರಿದ್ದಾರೆ. ಬೆಳಗಿನ ಮೊದಲ ಮೂತ್ರದಿಂದ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ಹಾಲುಣಿಸುವುದರಿಂದ ಅದರ ಫಲಿತಾಂಶ ತಪ್ಪಾಗುವುದಿಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆಯಲ್ಲಿ ‘ನಿಶ್ಚಯ್’ ಕಿಟ್ ಕೇಳಿ ನೋಡಿ. ಫಲಿತಾಂಶ ‘ಇಲ್ಲ’ ಎಂದು ಬಂದೂ ಸಂಶಯ ಉಳಿದರೆ ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿ.

ಹಾಲು ಕಡಿಮೆಯಾದ ಮಾತ್ರಕ್ಕೆ ಗರ್ಭವೆಂದು ತಿಳಿಯಬೇಡಿ. ರಾತ್ರಿ ಹಾಲುಣಿಸುವುದನ್ನು ನಿಲ್ಲಿಸಿದಾಗ, ಬಾಟಲಿ ಹೆಚ್ಚಾದಾಗ, ಕೆಲವು ಗರ್ಭನಿರೋಧಕ ಮಾತ್ರೆಗಳಿಂದ, ಥೈರಾಯ್ಡ್ ತೊಂದರೆಯಿಂದ ಕೂಡ ಹಾಲು ಇಳಿಯುತ್ತದೆ. ಗರ್ಭವಿಲ್ಲವೆಂದಾದರೆ ಮಗುವಿಗೆ ಹೆಚ್ಚು ಸಲ ಹಾಲುಣಿಸುವುದೇ ಹಾಲು ಹೆಚ್ಚಿಸುವ ಮೊದಲ ಉಪಾಯ. ಮಗು ಚೀಪಿದಷ್ಟೂ ಹಾಲು ಊರುತ್ತದೆ.

ಗರ್ಭ ಖಚಿತವಾದರೆ? ಗರ್ಭ ಆರೋಗ್ಯಕರವಾಗಿದ್ದರೆ ಹಾಲುಣಿಸುವುದನ್ನು ಮುಂದುವರಿಸಬಹುದು. ಅದರಿಂದ ಗರ್ಭಪಾತವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ರಕ್ತಸ್ರಾವವಿದ್ದರೆ, ಹಿಂದೆ ಅವಧಿಗೆ ಮುನ್ನ ಹೆರಿಗೆಯಾಗಿದ್ದರೆ, ಅವಳಿ ಮಕ್ಕಳಿದ್ದರೆ, ಇಲ್ಲವೇ ಗರ್ಭದ ಕಾರಣಕ್ಕೆ ದೈಹಿಕ ಸಂಬಂಧ ಬೇಡವೆಂದು ವೈದ್ಯರು ಹೇಳಿದ್ದರೆ, ಹಾಲುಣಿಸುವ ಬಗ್ಗೆಯೂ ಅವರಲ್ಲಿ ಕೇಳಲೇಬೇಕು. ಮುಟ್ಟಿನ ಲೆಕ್ಕವಿಲ್ಲದ ಕಾರಣ ಗರ್ಭಕ್ಕೆ ಎಷ್ಟು ವಾರವಾಯಿತೆಂದು ತಿಳಿಯಲು ಸ್ಕ್ಯಾನಿಂಗ್ ಬೇಕಾಗುತ್ತದೆ. ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ.

ಹಾಲಿನ ವಿಷಯದಲ್ಲಿ ಒಂದು ಸತ್ಯವನ್ನು ಮನೆಯವರೆಲ್ಲ ತಿಳಿದಿರಬೇಕು. ಗರ್ಭದ ಹಾರ್ಮೋನುಗಳಿಂದ ಹಾಲು ತಾನಾಗಿಯೇ ಇಳಿಯುತ್ತದೆ. ಹೆಚ್ಚಿನವರಲ್ಲಿ ನಾಲ್ಕು-ಐದನೇ ತಿಂಗಳ ಹೊತ್ತಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಮುಂದೆ ಅದು ಗಿಣ್ಣುಹಾಲಾಗಿ ಬದಲಾಗುತ್ತದೆ, ರುಚಿಯೂ ಬೇರೆಯಾಗುತ್ತದೆ. ಕೆಲವು ಮಕ್ಕಳು ತಾವಾಗಿಯೇ ಬಿಟ್ಟುಬಿಡುತ್ತವೆ. ಮೊದಲ ತಿಂಗಳುಗಳಲ್ಲಿ ಮಗು ಕೇಳಿದಾಗಲೆಲ್ಲ ಹಾಲುಣಿಸಿ, ಬಾಯಾರಿದಾಗಲೆಲ್ಲ ನೀರು ಕುಡಿದು, ವಿಶ್ರಾಂತಿ ಪಡೆದು ಇರುವ ಹಾಲನ್ನು ಆದಷ್ಟು ಕಾಯ್ದುಕೊಳ್ಳಬಹುದು. ಆಮೇಲಿನ ಇಳಿಕೆಯನ್ನು ಗಂಜಿ, ಕಷಾಯಗಳಿಂದ ತಡೆಯಲಾಗುವುದಿಲ್ಲ. ಅಡುಗೆಯಲ್ಲಿ ಹಾಕುವ ಮೆಂತ್ಯದಿಂದ ತೊಂದರೆಯಿಲ್ಲ. ಆದರೆ ಹಾಲು ಹೆಚ್ಚಲೆಂದು ಗರ್ಭಿಣಿ ಅದನ್ನು ಔಷಧಿಯಂತೆ ಸೇವಿಸಬಾರದು. ಹಾಲು ಹೆಚ್ಚಿಸುವ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ನುಂಗಬಾರದು. ‘ನಿನ್ನಲ್ಲಿ ಹಾಲಿಲ್ಲ’ ಎಂದು ಸೊಸೆಯನ್ನು ಹಂಗಿಸುವವರು, ಅದು ಅಲ್ಲಾಹನು ಶರೀರದಲ್ಲಿಟ್ಟ ವ್ಯವಸ್ಥೆ, ಆಕೆಯ ತಪ್ಪಲ್ಲ ಎಂಬುದನ್ನು ನೆನಪಿಡಲಿ.

ಹಾಲು ಇಳಿದಾಗ ಏನು ಮಾಡಬೇಕೆಂಬುದು ಮಗುವಿನ ವಯಸ್ಸನ್ನು ಅವಲಂಬಿಸಿದೆ. ಆರು ತಿಂಗಳಾಗದ ಮಗುವಿಗೆ ಎದೆಹಾಲೇ ಸಂಪೂರ್ಣ ಆಹಾರ. ಅದು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ಗಮನಿಸಿ. ಇಲ್ಲವಾದರೆ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಹೇಳಿದ ಪುಡಿಹಾಲನ್ನು ಹೇಳಿದ ಪ್ರಮಾಣದಲ್ಲೇ ಕೊಡಿ. ಒಂದು ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ದನದ ಹಾಲು ಬೇಡ. ಆರು ತಿಂಗಳು ದಾಟಿದ ಮಗುವಿಗೆ ರಾಗಿ ಮಣ್ಣಿ, ಮೆತ್ತಗೆ ಬೇಯಿಸಿದ ಅನ್ನ-ಬೇಳೆ, ಮೊಟ್ಟೆ, ಮುಳ್ಳು ತೆಗೆದ ಮೀನು, ಬಾಳೆಹಣ್ಣು ಹೀಗೆ ಆಹಾರ ಹೆಚ್ಚಿಸುತ್ತಾ ಬನ್ನಿ. ಬಿಡಿಸಲೇಬೇಕಾದರೂ ಕೆಲವು ದಿನಗಳಿಗೊಮ್ಮೆ ಒಂದು ಸಲದ ಹಾಲನ್ನು ಕಡಿಮೆ ಮಾಡುತ್ತಾ ಬಿಡಿಸಿ. ಒಮ್ಮೆಲೇ ನಿಲ್ಲಿಸಿದರೆ ಹಾಲು ಕಟ್ಟಿ ಬಾವು, ಜ್ವರ ಬರಬಹುದು.

ಇಲ್ಲಿ ನಿಜವಾಗಿ ಸವೆಯುವುದು ತಾಯಿಯ ದೇಹ. ಒಂದು ಮಗು ಮಡಿಲಲ್ಲಿ, ಇನ್ನೊಂದು ಹೊಟ್ಟೆಯಲ್ಲಿ ಇರುವಾಗ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ನಿಲ್ಲಬೇಕು. ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬಾರದು, ಅದನ್ನು ಚಹಾದ ಜೊತೆ ನುಂಗಬಾರದು. ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಗರ್ಭಿಣಿ, ಬಾಣಂತಿಯರಿಗೆಂದು ಅಂಗನವಾಡಿಯಲ್ಲಿರುವ ಮಾತೃಪೂರ್ಣ ಯೋಜನೆಯ ಊಟಕ್ಕೆ ಹೋಗಲು ಸಂಕೋಚ ಬೇಡ. ರಮಝಾನ್ ಬಂದರೆ, ತನಗೋ ಮಗುವಿಗೋ ತೊಂದರೆಯಾದೀತೆಂಬ ಭಯವಿರುವ ಗರ್ಭಿಣಿಗೂ ಹಾಲುಣಿಸುವ ತಾಯಿಗೂ ಉಪವಾಸದಲ್ಲಿ ರಿಯಾಯಿತಿಯಿದೆ. ಆ ರಿಯಾಯಿತಿ ಪಡೆದವಳನ್ನು ಈಮಾನ್ ಕಡಿಮೆಯಾದವಳಂತೆ ನೋಡುವುದು ಅನ್ಯಾಯ.

ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 233ನೇ ಸೂಕ್ತವನ್ನು ಮನೆಯವರೆಲ್ಲ ಕುಳಿತು ಓದಿರಿ. ಹಾಲುಣಿಸುವುದನ್ನು ಪೂರ್ಣಗೊಳಿಸಬಯಸುವವರಿಗೆ ಎರಡು ವರ್ಷಗಳ ಅವಧಿ ಅಲ್ಲಿದೆ. ತಾಯಿಯ ಅನ್ನ-ಬಟ್ಟೆಯ ಹೊಣೆ ತಂದೆಯದೆಂದು ಅಲ್ಲಿದೆ. ಮಗುವಿನ ಕಾರಣಕ್ಕೆ ತಾಯಿಯನ್ನು ಕಷ್ಟಕ್ಕೆ ಗುರಿಪಡಿಸಬಾರದೆಂದೂ ಇದೆ. ಅವಧಿಗೆ ಮುನ್ನ ಹಾಲು ಬಿಡಿಸುವುದಾದರೆ ಅದು ತಂದೆ-ತಾಯಿಯ ಪರಸ್ಪರ ಸಮ್ಮತಿ ಮತ್ತು ಸಮಾಲೋಚನೆಯಿಂದ ಆಗಬೇಕೆಂದಿದೆ. ಹಾಗೆ ಮಾಡಿದರೆ ಅವರ ಮೇಲೆ ದೋಷವಿಲ್ಲ. ಈ ಸಮಾಲೋಚನೆಯಲ್ಲಿ ತಾಯಿಯ ಮಾತಿಗೆ ತೂಕವಿರಬೇಕು. ಆಕೆ ಮುಂದುವರಿಸಲು ಬಯಸಿದರೆ ಬೆಂಬಲಿಸಿ, ‘ಇನ್ನು ನನ್ನಿಂದಾಗದು’ ಎಂದರೆ ಅದನ್ನೂ ಗೌರವಿಸಿ.

ಹೆರಿಗೆಯ ನಂತರವೂ ದೊಡ್ಡ ಮಗು ಹಾಲು ಕುಡಿಯುತ್ತಿದ್ದರೆ ಮೊದಲ ಹಕ್ಕು ನವಜಾತ ಶಿಶುವಿನದು. ಮೊದಲ ದಿನಗಳಲ್ಲಿ ಅದು ಕುಡಿದ ಮೇಲೆಯೇ ದೊಡ್ಡದಕ್ಕೆ ಕೊಡಿ. ಮುಂದಿನ ಗರ್ಭಕ್ಕೆ ಮೊದಲು ಕನಿಷ್ಠ ಎರಡು ವರ್ಷಗಳ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಿರುವ ದಾರಿಗಳನ್ನು ಹೆರಿಗೆಯಾದ ಆಸ್ಪತ್ರೆಯಲ್ಲೇ ಗಂಡ-ಹೆಂಡತಿ ಇಬ್ಬರೂ ಕೇಳಿ ತಿಳಿದುಕೊಳ್ಳಿ.

ಮಗು ಹೊಟ್ಟೆಯಲ್ಲಿದ್ದರೂ ಮಡಿಲಲ್ಲಿದ್ದರೂ ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಒಂದರ ಹೆಸರಿನಲ್ಲಿ ಇನ್ನೊಂದರ ಬಾಯಿಂದ ಹಾಲನ್ನು ಕಿತ್ತುಕೊಳ್ಳುವ ಮುನ್ನ, ಬೇವಿನ ರಸ ಅರೆಯುವ ಮುನ್ನ, ವೈದ್ಯರಲ್ಲಿ ಒಂದು ಮಾತು ಕೇಳಿ. ಆ ತಾಯಿಯನ್ನೂ ಕೇಳಿ.